ಪಟ್ಟಿಗೆ ಸೇರಿದ ಪ್ಲಾಸ್ಟಿಕ್ಕು

ರಿಫಾಯಿಯ ಸಂಸಾರಕ್ಕೆ ಇನ್ನೊಂದು ಕುತ್ತು ತಂದದ್ದು ಡಾಕ್ಟರ ಬಾಯಿಂದ ಬಂದ ಒಂದೇ ಒಂದು 'ಇರಬಹುದು'.

"ವೀರ್ಯಾಣು ಕಡಿಮೆ ಇದೆ," ಎಂದಿದ್ದರು. "ಕಾರಣ ಇಂಥದ್ದೇ ಅಂತ ಹೇಳೋಕಾಗಲ್ಲ. ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಚೂರುಗಳ ಪಾಲೂ ಇರಬಹುದು. ಇನ್ನೂ ಸಂಶೋಧನೆ ನಡೀತಿದೆ. ಬಿಸಿ ಊಟ ಪ್ಲಾಸ್ಟಿಕ್ಕಲ್ಲಿ ಬೇಡ. ಮೂರು ತಿಂಗಳು ಬಿಟ್ಟು ಬನ್ನಿ." ಅದನ್ನೇ ಚೀಟಿಯಲ್ಲೂ ಬರೆದುಕೊಟ್ಟಿದ್ದರು.

ತಾಂತಾ ಪಟ್ಟಣದ ಅಂಚೆ ಕಚೇರಿಯ ಗುಮಾಸ್ತ ರಿಫಾಯಿ, ಬೀದಿ ಗಾಡಿಯ ಬೇಯಿಸಿದ ಕಾಳಿನ ಬಿಸಿ ಫೂಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬಂದು ಒಬ್ಬನೇ ತಿನ್ನತೊಡಗಿ ನಲವತ್ತು ದಿನವಾಗಿತ್ತು. ಮದುವೆಯಾಗಿ ಆರು ವರ್ಷ, ಮಗುವಿಲ್ಲ. "ನಾನು ಹತ್ತು ಸಲ ಪರೀಕ್ಷೆ ಮಾಡಿಸ್ಕೊಂಡೆ. ನೀವೊಂದು ಸಲ ಹೋಗಿ ಬನ್ನಿ," ಎಂದಿದ್ದಳು ಹೆಂಡತಿ ಇಹ್ಸಾನ್. ಇವನು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಹಾರಾಡಿದ್ದ. ಅವಳು ತವರಿಗೆ ನಡೆದಿದ್ದಳು. ಈಗ ಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ಜೊಂದೇ. ಅದು ಗುರ್ರೆಂದರೆ ಇವನು "ಹೂಂ, ಹೇಳು" ಎನ್ನುವ ಮಟ್ಟಕ್ಕೆ ಬಂದಿದ್ದ.

ಕೊನೆಗೆ ಗುರುವಾರ ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಂದ. ಶುಕ್ರವಾರ ಬೆಳಿಗ್ಗೆ ನಿರ್ಧರಿಸಿಬಿಟ್ಟ. ಮೊದಲು ಮನೆಯ ಪ್ಲಾಸ್ಟಿಕ್ಕೆಲ್ಲ ಆಚೆಗೆ. ಆಮೇಲೆ ಧೈರ್ಯಮಾಡಿ ಇಹ್ಸಾನಳಿಗೆ ಫೋನು. ಅಷ್ಟರಲ್ಲಿ ಕೆಳಗೆ ಗುಜರಿಯವನ ಕೂಗು ಕೇಳಿತು. ಡಬ್ಬಿ, ಹೂಜಿ, ಜರಡಿ, ದೊಡ್ಡ ನೀಲಿ ಟಬ್ಬು, ಎಲ್ಲ ಕತ್ತೆಗಾಡಿ ಏರಿದವು.

"ಬದಲಿಗೆ ಏನು ಕೊಡ್ಲಿ, ಸಾಹೇಬ್ರೇ? ಒಳ್ಳೇ ಪ್ಲಾಸ್ಟಿಕ್ ಬಕೆಟ್ ಇದೆ."

"ಏನೂ ಬೇಡ. ಹೋಗಪ್ಪಾ!"

ಗಾಡಿ ತಿರುವು ದಾಟುತ್ತಿದ್ದಂತೆ ಕೆಳಮಹಡಿಯ ಉಮ್ಮ್ ಗಲಾಲ್ ಬಾಲ್ಕನಿಯಿಂದ ಅರ್ಧ ದೇಹ ಹೊರಚಾಚಿದಳು.

"ಅಯ್ಯಯ್ಯೋ ರಿಫಾಯಿ! ಅದು ಇಹ್ಸಾನಳ ಮದುವೆ ಪಟ್ಟಿಯ ಸಾಮಾನಲ್ವೇನೋ? ನೀನೇ ರುಜು ಹಾಕಿದ್ದು! ಒಂದು ಕಡಿಮೆಯಾದ್ರೂ ಜೈಲು ಕಣೋ!"

ತವರಿಂದ ಬಂದ ಸಾಮಾನೆಲ್ಲ ಹೆಂಡತಿಯದು, ತನ್ನದು ಬರೀ ಕಾವಲು ಎಂದು ಬರೆದುಕೊಟ್ಟಿದ್ದು ರಿಫಾಯಿಗೆ ಮರೆತೇಹೋಗಿತ್ತು.

"ಜಿರಳೆ ಆಗಿತ್ತು, ಅದಕ್ಕೇ..." ಎಂದ.

"ಟಬ್ಬಿಗೆ ಜಿರಳೆಯಾ?" ಕೆಳಗಿನಿಂದ ಕ್ಷೌರಿಕ ತವ್ವಾಬ್ ಕತ್ತರಿ ಆಡಿಸುತ್ತ ನಕ್ಕ. "ಹೊಸ ಹೆಂಡತಿ ಬರ್ತಿರಬೇಕು. ಜಾಗ ಮಾಡ್ತಿದ್ದಾರೆ ಉಸ್ತಾದರು!"

ಆ ಸುದ್ದಿ ರಿಫಾಯಿಯ ಫೋನಿಗಿಂತ ಮುಂಚೆ ತವರು ಮುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಇಹ್ಸಾನ್ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಂದೆ ಅಣ್ಣ ಸಾದಾವಿ, ಕೈಯಲ್ಲಿ ಪಟ್ಟಿ.

"ಹೂಜಿ, ಆರು. ಎಲ್ಲಿ? ಟಬ್ಬು, ನೀಲಿ, ದೊಡ್ಡದು, ಒಂದು. ಎಲ್ಲಿ?"

ರಿಫಾಯಿ ಇಹ್ಸಾನಳ ಮುಖ ನೋಡಿದ. ಸೊರಗಿದ್ದಳು. ಹೇಳಬೇಕೆಂದಿದ್ದದ್ದು ಗಂಟಲಿಗೆ ಬಂತು. ಮೆಟ್ಟಿಲ ತುಂಬ ನೆರೆಹೊರೆಯವರ ತಲೆ ಕಂಡು ಹಿಂದಿರುಗಿತು.

"ಸಂಜೆಯೊಳಗೆ ಎಲ್ಲ ತರ್ತೀನಿ," ಎಂದವನೇ ಕೋಟೂ ಹಾಕದೆ ಓಡಿದ.

ನಾಲ್ಕು ಬೀದಿ, ಎರಡು ಸಂತೆ, ಒಂದು ರೈಲುಹಳಿ ದಾಟಿ ಗುಜರಿಯವನನ್ನು ಹಿಡಿದ. ಗೋಗರೆದು ತನ್ನ ಕೈಗಡಿಯಾರ ಬಿಚ್ಚಿಕೊಟ್ಟು, ಒಂದು ಚಮಚವನ್ನೂ ಬಿಡದೆ ಎಲ್ಲ ಟಬ್ಬಿಗೆ ತುಂಬಿ, ಟಬ್ಬನ್ನು ತಲೆಮೇಲೆ ಹೊತ್ತು, ಮೆಟ್ಟಿಲೇರುವಾಗ ಸಂಜೆಯಾಗಿತ್ತು. ಉಮ್ಮ್ ಗಲಾಲ್ ತನ್ನ ಬಾಗಿಲಲ್ಲಿ ಕಾದೇ ಇದ್ದಳು.

"ಸಾದಾವಿ ಬೀರು ತಡಕಾಡಿದ ಮಗನೇ. ನಿನ್ನ ಕೋಟಿನಲ್ಲಿ ಡಾಕ್ಟರ ಚೀಟಿ ಸಿಕ್ತು. ಗಟ್ಟಿಯಾಗಿ ಓದಿದ. ನನಗೆ ಕಿವಿ ಮಂದ ನೋಡು, ಇನ್ನೊಂದು ಸಲ ಓದಿಸ್ದೆ."

ರಿಫಾಯಿ ಟಬ್ಬನ್ನು ತಲೆಯಿಂದ ಇಳಿಸಿದ. "ಇಹ್ಸಾನ್ ಏನಂದ್ಳು?"

"ಅತ್ತಳು ಪಾಪ. 'ಹೋಗಿ ಬಂದಿದ್ದಾರಲ್ಲ, ನನಗೊಂದು ಮಾತು ಹೇಳ್ಬಾರದಿತ್ತಾ' ಅಂದಳು. ನಿನ್ಮೇಲೆ ಕೋಪ ಇಲ್ಲ."

"ಒಳಗಿದ್ದಾಳಾ?"

"ಊರಿಗೆ ಹೋದಳು. ಮನೇಲಿ ಒಂದೇ ಒಂದು ಪ್ಲಾಸ್ಟಿಕ್ ಚಮಚ ಇದ್ರೂ ಕಾಲಿಡಲ್ವಂತೆ. ಎಲ್ಲ ಆಚೆ ಹಾಕಿದ ದಿನ ಬರ್ತಾಳಂತೆ."

"ಸಾದಾವಿ?"

"ಮುಂದಿನ ಶುಕ್ರವಾರ ಎಣಿಸೋಕೆ ಬರ್ತಾನಂತೆ. ಒಂದು ಚಮಚ ಕಡಿಮೆಯಾದ್ರೂ ಪೊಲೀಸು. 'ಬಿಡಣ್ಣ' ಅಂತ ಇಹ್ಸಾನ್ ಅಂದಳು. 'ಅಮ್ಮ ಕೊಟ್ಟಿದ್ದು, ಬಿಡೋಕೆ ನೀನ್ಯಾರು' ಅಂದ."

ಅವಳ ಬಾಗಿಲು ಮುಚ್ಚಿತು. ಒಳಗಿನಿಂದ ಮಕ್ಕಳ ಗಲಾಟೆ, ಬೆಳ್ಳುಳ್ಳಿ ಒಗ್ಗರಣೆಯ ಘಮ.

ಟಬ್ಬು ಮನೆಯೊಳಗಿದ್ದರೆ ಹೆಂಡತಿ ಇಲ್ಲ. ಹೊರಗಿದ್ದರೆ ತಾನೇ ಇಲ್ಲ. ರಿಫಾಯಿ ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಸಾಮಾನೆಲ್ಲ ಸುರಿದು, ಟಬ್ಬನ್ನು ಬೋರಲು ಹಾಕಿ, ಅದರ ಮೇಲೆ ಕುಸಿದು ಕೂತ.

ಬಾಗಿಲು ಮತ್ತೆ ತೆರೆಯಿತು.

"ಮೆಲ್ಲಗೆ ಕೂತ್ಕೋ ಮಗನೇ, ಒಡೆದೀತು. ಪಟ್ಟಿಯಲ್ಲಿದೆ!"