ಎಂಜಿನ್ ಇಲ್ಲದ ಬಸ್ಸಿನಲ್ಲಿ ಗೃಹಪ್ರವೇಶ

ಬಾಡಿಗೆ ಮನೆಯವನಿಗೆ ಗೋಡೆಗೆ ಮೊಳೆ ಹೊಡೆಯುವ ಹಕ್ಕಿಲ್ಲ ಎಂಬುದು ನನಗೆ ಮದುವೆಯಾದ ಹೊಸತರಲ್ಲೇ ಗೊತ್ತಾಗಿತ್ತು. ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳು ನಾಯಿಕೊಡೆಗಳಂತೆ ಎದ್ದ ಮೇಲೆ, ಆ ಗೋಡೆಯ ಒಳಗೆ ಇರುವ ಹಕ್ಕೂ ಇಲ್ಲ ಎಂಬುದು ಗೊತ್ತಾಯಿತು. ಕಾಚಿಗೂಡದಲ್ಲಿ ಒಬ್ಬ ಮಾಲೀಕ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಹೊರಟ. ಇನ್ನೊಬ್ಬನಿಗೆ ನಮ್ಮ ಜಾಗದಲ್ಲಿ ಸಾಫ್ಟ್‌ವೇರ್ ಹುಡುಗರು ಸಿಕ್ಕರು. ನಾನು ಸರಕಾರಿ ಕಚೇರಿಯ ಗುಮಾಸ್ತ. ನಮ್ಮಜ್ಜ ರಾಯಚೂರಿನಿಂದ ನಿಜಾಮರ ಚಾಕರಿಗೆ ಬಂದವರು. ಅಷ್ಟು ಕಾಲ ಈ ಊರಿನ ಉಪ್ಪು ತಿಂದ ನಮ್ಮ ಮನೆತನಕ್ಕೆ ಇಲ್ಲಿ ಸ್ವಂತದ್ದೆಂದು ಉಳಿದದ್ದು ಟ್ರಂಕುಗಳು ಮತ್ತು ಅವುಗಳೊಳಗಿನ ಧೂಳು.

ಆ ಧೂಳೇ ಮುಳುವಾಯಿತು. ಮನೆ ಬದಲಿಸಿದಾಗಲೆಲ್ಲ ನನ್ನ ಹೆಂಡತಿ ಸುಶೀಲಾಳಿಗೆ ಉಬ್ಬಸ ಹೆಚ್ಚುತ್ತಿತ್ತು. ಕೊನೆಯ ಸಲ ಟ್ರಂಕು ಬಿಚ್ಚುತ್ತಿದ್ದಂತೆ ಉಸಿರು ಕಟ್ಟಿ, ತುಟಿ ನೀಲಿಗಟ್ಟಿ ಆಸ್ಪತ್ರೆ ಸೇರಿದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ಸಾಮಾನು ಕಟ್ಟಿ ಬಿಚ್ಚುವ ಧೂಳು ತಾಗಿದರೆ ಇವರು ಉಳಿಯುವುದು ಕಷ್ಟ ಎಂದರು. ಹೆದರಿಕೆಯಾದಾಗ ನನಗೆ ಯೋಚನೆಗಳು ಹೊಳೆಯುತ್ತವೆ. ನಮ್ಮ ಸಂಸಾರದ ಬಹುಪಾಲು ಅನಾಹುತಗಳು ಹುಟ್ಟಿದ್ದು ಹಾಗೆಯೇ.

ಈ ಸಲದ ಯೋಚನೆ ಸರಳವಾಗಿತ್ತು. ಸಾಮಾನು ಕಟ್ಟುವುದೇ ಬೇಡ, ಮನೆಯನ್ನೇ ಓಡಿಸಿಕೊಂಡು ಹೋಗುವುದು. ಗುಜರಿ ಪಾಲಾಗಲಿದ್ದ ಓಬೀರಾಯನ ಕಾಲದ ಬಸ್ಸೊಂದನ್ನು ಕೊಂಡು, ಸನತ್‌ನಗರದಲ್ಲಿ ಮುಚ್ಚಿಹೋದ ಕಾರ್ಖಾನೆಯ ಹಿಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿದೆ. ಬೀದರ್ ಕಡೆಯ ಮೆಕ್ಯಾನಿಕ್ ಖಾಜಾಭಾಯಿ ತುಕ್ಕು ಕೆರೆದ, ತಗಡು ಬಡಿದ, ಸತ್ತೇಹೋಗಿದ್ದ ಎಂಜಿನ್ನಿಗೆ ಜೀವ ಕೊಟ್ಟ. ರಜಾದಿನಗಳಲ್ಲಿ ನಾನು ಕಂಡಕ್ಟರನ ಗಂಟೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಸೀಟುಗಳು ಹೋಗಿ ಮಂಚ ಬಂತು, ಹಿಂದೆ ಬಚ್ಚಲು ಬಂತು. ಸುಶೀಲಾ ಒಂದು ದಿನ ಬಂದು ಮಂಚದ ಮೇಲೆ ಕುಳಿತು ಸುತ್ತ ನೋಡಿದಳು.

"ಇಲ್ಲಿಂದ ನಮ್ಮನ್ನ ಯಾರೂ ಎಬ್ಬಸೂದಿಲ್ಲ ಅಲ್ರಿ?" ಎಂದು ಕೇಳಿದಳು.

"ಎಬ್ಬಿಸಿದ್ರ ಕೀಲಿ ತಿರುವೋದು, ಹೋಗೋದು. ನೀ ಮಂಚದಿಂದ ಏಳೂದೂ ಬ್ಯಾಡ," ಎಂದೆ. ಅವಳು ನಕ್ಕಳು. ಅವಳು ನಕ್ಕು ಎಷ್ಟು ಕಾಲವಾಗಿತ್ತೋ, ನನಗೆ ಕಣ್ಣು ತುಂಬಿ ಬಂತು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಮನೆ ಎಂದ ಮೇಲೆ ವಾಸ್ತು ನೋಡಿಸಬೇಡವೇ? ಆ ದಿನಗಳಲ್ಲಿ ಕಂಪ್ಯೂಟರ್ ಕಂಪನಿಗಳೇ ವಾಸ್ತುವಿಗಾಗಿ ಬಾಗಿಲು ಒಡೆಸುತ್ತಿದ್ದವು. ನನಗೆ ವಾಸ್ತುವಿನಲ್ಲಿ ನಂಬಿಕೆಯಿಲ್ಲ. ಆದರೆ ಹೆಂಡತಿಯ ಉಸಿರಿನ ವಿಷಯದಲ್ಲಿ ನಂಬದೆ ಇರುವಷ್ಟು ಧೈರ್ಯವೂ ಇಲ್ಲ. ಹೀಗಾಗಿ ನಮ್ಮವರೇ ಆದ ಒಬ್ಬ ಆಚಾರ್ಯರನ್ನು ಕರೆತಂದೆ. ಅವರು ದಿಕ್ಸೂಚಿ ಹಿಡಿದು ಬಸ್ಸಿನೊಳಗೆ ತಿರುಗಾಡಿದರು.

"ಪೂರ್ವಕ್ಕ ಮುಖ ಮಾಡಿ ನಿಂತದ, ಭಾಳ ಛಲೋ. ಆದ್ರ ಒಲಿ ಆಗ್ನೇಯಕ್ಕ ಇರಬೇಕಲ್ರಿ. ಅಲ್ಲಿ ಡ್ರೈವರ್ ಸೀಟು, ಎಂಜಿನ್ನು ಕುಂತಾವ," ಎಂದರು.

ಎಂಜಿನ್ನೂ ಬೆಂಕಿಯೇ ಅಲ್ಲವೇ ಎಂದು ನಾನು ವಾದಿಸಿದೆ.

"ಖರೆ. ಆದ್ರ ಅದರ ಮ್ಯಾಲೆ ಅನ್ನ ಆಗತದೇನು?"

ಅನ್ನ ಆಗುವುದಿಲ್ಲ. ನಾನು ಸೋತೆ. ತೆಗೆದ ಎಂಜಿನ್ ತನಗೆ ಕೊಟ್ಟರೆ ಬಸ್ಸಿಗೆ ಪುಕ್ಕಟೆ ಬಣ್ಣ ಹೊಡೆಯುವುದಾಗಿ ಖಾಜಾಭಾಯಿ ಉತ್ಸಾಹದಿಂದ ಹೇಳಿದ. ಓಡಾಡುವ ಮನೆಗೆ ಖಾಯಂ ಆಗ್ನೇಯ ಎಲ್ಲಿಂದ ಬರಬೇಕು ಎಂದು ನಮ್ಮ ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಶುಭ ಮುಹೂರ್ತದಲ್ಲಿ ಎಂಜಿನ್ ಹೊರಗೆ ಹೋಯಿತು, ಒಲೆ ಒಳಗೆ ಬಂತು. ಹಾಲು ಉಕ್ಕಿ ಕ್ಲಚ್ಚಿನ ಮೇಲೆ ಹರಿಯಿತು. ಸ್ಟಿಯರಿಂಗ್ ಚಕ್ರವೂ ಹಾಗೇ ಉಳಿದಿತ್ತು. ಸುಶೀಲಾ ಅದರ ಮೇಲೆ ಮಸಿಬಟ್ಟೆ ಒಣಹಾಕಿದಳು.

ಕೆಲವು ತಿಂಗಳು ಚೆನ್ನಾಗಿಯೇ ಕಳೆದವು. ಅವಳು ರಾತ್ರಿ ಕೆಮ್ಮದೆ ಮಲಗುತ್ತಿದ್ದಳು. ನಾನು ಕಚೇರಿಯಲ್ಲಿ ಆಚಾರ್ಯರ ಗುಣಗಾನ ಮಾಡುತ್ತಿದ್ದೆ. ಆಮೇಲೆ ಜಾಗದ ಯಜಮಾನ ಬಂದ. ಅವನ ಹಿಂದೆ ಕಟ್ಟಡ ಕಟ್ಟುವವರು ಬಂದರು. "ಖಾಳಿ ಚೇಯಂಡಿ ಸಾರ್, ಬಸ್ಸೇ ಕದಾ, ಸ್ಟಾರ್ಟ್ ಚೇಸಿ ವೆಳ್ಳಿಪೋಂಡಿ," ಎಂದ ಯಜಮಾನ. ಜಾಗ ಖಾಲಿ ಮಾಡಬೇಕು, ಬಸ್ಸೇ ತಾನೆ, ಸ್ಟಾರ್ಟ್ ಮಾಡಿ ಹೊರಟರಾಯಿತು ಎಂಬುದು ಅವನ ಲೆಕ್ಕ. ಸ್ಟಾರ್ಟ್ ಮಾಡಲು ನನ್ನ ಬಳಿ ಇದ್ದದ್ದು ಬೆಂಕಿಪೊಟ್ಟಣ. ಖಾಜಾಭಾಯಿಯ ಬಳಿಗೆ ಓಡಿದೆ. ನಮ್ಮ ಎಂಜಿನ್ ಯಾವುದೋ ಹೊಲದ ಬಾವಿಯಿಂದ ನೀರೆತ್ತುತ್ತಿದೆ ಎಂದು ಗೊತ್ತಾಯಿತು.

ಕೊನೆಗೆ ಕ್ರೇನ್ ತರಿಸಿದೆ. ಕೊಕ್ಕೆ ಹಾಕುವಾಗ ಸುಶೀಲಾಳನ್ನು ಇಳಿಯಲು ಬೇಡಿಕೊಂಡೆ.

"ಏಳೂದು ಬ್ಯಾಡ ಅಂದವರು ನೀವ ಅಲ್ರಿ," ಎಂದು ಮಂಚ ಹಿಡಿದು ಕುಳಿತಳು. ಮೂತಿ ಮೇಲಾಗಿ ಬಸ್ಸು ಹೊರಟಿತು. ಡಬ್ಬಿಗಳೆಲ್ಲ ಹಿಂದಕ್ಕೆ ಉರುಳಿ ಒಡೆದು, ಹಿಟ್ಟು, ಖಾರಪುಡಿಯ ಧೂಳು ಅವಳ ಸುತ್ತ ಎದ್ದಿತು. ಡಾಕ್ಟರು ಯಾವ ಧೂಳಿಗೆ ಹೆದರಿದ್ದರೋ ಅದಕ್ಕಿಂತ ಹೆಚ್ಚಿನದು. ನಮ್ಮ ಯೋಗ್ಯತೆಗೆ ಸಿಕ್ಕ ಜಾಗ ಜೀಡಿಮೆಟ್ಲಾದಲ್ಲಿ, ಔಷಧಿ ಕಾರ್ಖಾನೆಯ ಗೋಡೆಯ ಪಕ್ಕ. ಅಲ್ಲಿನ ಗಾಳಿ ಆರೋಗ್ಯವಂತರನ್ನೂ ಕೆಮ್ಮಿಸುತ್ತದೆ. ಕ್ರೇನಿನವನು ತನಗೆ ಅನುಕೂಲವಾದಂತೆ ಬಸ್ಸನ್ನು ಇಳಿಸಿ ಹೋದ.

ನಾನು ಒಳಗೆ ಹೋದಾಗ ಅವಳು ಎದೆ ಒತ್ತಿಕೊಂಡು, ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದಳು. ಔಷಧ ಹೀರಿಸಿದೆ, ಬೆನ್ನು ಸವರಿದೆ. ಬಹಳ ಹೊತ್ತಿನ ಮೇಲೆ ಮಾತು ಬಂತು.

"ಒಲಿ ಈಗ ಯಾವ ದಿಕ್ಕಿಗೆ ಐತ್ರಿ?"

"ಆಗ್ನೇಯಕ್ಕನ ಐತಿ. ನೋಡೇ ನಿಲ್ಲಿಸೀನಿ," ಎಂದೆ.

ಬಸ್ಸಿನ ಮುಂದಿನ ಗಾಜಿನಿಂದ ಮುಳುಗುವ ಸೂರ್ಯನ ಬೆಳಕು ನೇರವಾಗಿ ಒಲೆಯ ಮೇಲೆ ಬಿದ್ದಿತ್ತು. ಸುಶೀಲಾ ಅದನ್ನು ನೋಡಿದಳು, ನನ್ನನ್ನೂ ನೋಡಿದಳು. "ಹಂಗಾದ್ರ ಛಲೋ ಆತು ಬಿಡ್ರಿ," ಎಂದು, ಗೋಡೆ ಹಿಡಿದುಕೊಂಡು ಚಹಾಕ್ಕೆ ನೀರಿಡಲು ಎದ್ದಳು.