ಒಂದು ಸಾಲಿನ ರಾಜೀನಾಮೆ

ಬೆಳಿಗ್ಗೆ ಎಂಟಕ್ಕೆ ಕಲ್ಲೇಶನ ಮೊಬೈಲಿಗೆ ವಿಭಾಗದ ಮುಖ್ಯಸ್ಥರಾದ ತಿವಾರಿ ಸರ್ ಅವರ ಮೆಸೇಜು ಬಂತು. ‘ಶಾಮ್ ಚಾರ್ ಬಜೇ ತಕ್ ರಾಜೀನಾಮಾ ದೇ ದೋ. ಬಾತ್ ಖತಂ.’ ಸಂಜೆ ನಾಲ್ಕರೊಳಗೆ ರಾಜೀನಾಮೆ! ಕಲ್ಲೇಶ ಉಪ್ಪಿಟ್ಟಿನ ತಟ್ಟೆ ಬಿಟ್ಟು ಎದ್ದ.

ಅಂತರರಾಷ್ಟ್ರೀಯ ಅಧ್ಯಯನದ ಆನರ್ಸ್ ಪದವಿಗೆ ಅವನಿಗೆ ಉಳಿದಿದ್ದು ಸೋಮವಾರದ ವೈವಾ ಒಂದೇ. ಈಗ ರಾಜೀನಾಮೆ ಕೊಟ್ಟು ಕೋರ್ಸು ಬಿಟ್ಟರೆ ಸಿಗುವುದು ಮೂರು ವರ್ಷದ ಬೋಳು ಬಿ.ಎ. ಆದರೆ ಹೋದ ವಾರ ಸೆಮಿನಾರಿನಲ್ಲಿ ಒಂದು ಎಡವಟ್ಟಾಗಿತ್ತು. ಸಹಪಾಠಿ ಯಶಿಕಾ ತನ್ನ ವಿಷಯ ಕದ್ದಳೆಂದು ಇವನು, ಇವನೇ ಕದ್ದನೆಂದು ಅವಳು, ಕಿಟಕಿ ಗಾಜು ನಡುಗುವಂತೆ ಜಗಳವಾಡಿದ್ದರು. ಇಬ್ಬರೂ ಪ್ರಬಂಧ ಬರೆದದ್ದು ನೆರೆಯ ದೇಶಗಳ ಶಾಂತಿ ಒಪ್ಪಂದಗಳ ಮೇಲೆ.

“ಯವ್ವಾ, ರಾಜೀನಾಮೆ ಕೊಡು ಅಂದಾರ ಸರ್!”

“ಯಾಂವ ಅಂವ ಕೇಳಾಂವ?” ಶರಣವ್ವ ಒಲೆ ಆರಿಸಿ ಬಂದಳು. “ನಾಕು ವರ್ಷ ಡಬ್ಬಿ ಕಟ್ಟಿ ಕಳಿಸೀನಿ. ರಾಜೀನಾಮೆ ಗೀಜೀನಾಮೆ ಏನೂ ಕೊಡಬ್ಯಾಡ. ನಡಿ, ನಾನೂ ಬರ್ತೀನಿ.”

ಇದು ಮೇಲಿನ ಮನೆಯ ವೇಣುಗೋಪಾಲ ರಾಯರಿಗೆ ಕೇಳಿಸಿತು. ಮೈಸೂರಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ನಿವೃತ್ತಿಯಾದಾಗಿನಿಂದ ಅವರಿಂದ ಯಾರೂ ಒಂದು ಪತ್ರ ಬರೆಸಿರಲಿಲ್ಲ. ಕರೆಯದೆಯೇ ಇಳಿದು ಬಂದರು.

“ಗಾಬರಿ ಬೇಡಪ್ಪ. ಕಾನೂನಿನ ಪ್ರಕಾರ ಒಂದು ಆಕ್ಷೇಪಣೆ ಹಾಕೋಣ. ಹಿಂದೀಲೇ ಇರಲಿ. ನಾನು ಹೇಳ್ತೀನಿ, ನೀನು ಬರ್ಕೋ.”

ರಾಯರ ಹಿಂದಿ ಮೂರು ಪುಟ ನಡೆಯಿತು. ಪ್ರತಿ ಪುಟದ ಕೊನೆಗೂ ‘ಮರೇಗಾ, ಲೇಕಿನ್ ರಾಜೀನಾಮಾ ನಹೀ ದೇಗಾ’ ಎಂದು, ಸತ್ತರೂ ಕೊಡೆನೆಂಬ ಶಪಥವಿತ್ತು. ಮೂವರೂ ಆ ಮರಾಠಿ ಊರಿನ ತಮ್ಮ ಬಡಾವಣೆ ಸದರ್‌ನಲ್ಲಿ ಆಟೋ ಹಿಡಿದಾಗ ಮೇ ತಿಂಗಳ ಬಿಸಿಲು ನೆತ್ತಿ ಸುಡುತ್ತಿತ್ತು. ಶರಣವ್ವನ ಮಡಿಲಲ್ಲಿ ರೊಟ್ಟಿಯ ಗಂಟು. ಧರಣಿ ಕೂತರೆ ಹಸಿವಾಗುತ್ತದಲ್ಲ!

ತಿವಾರಿ ಸರ್ ಕೋಣೆಯ ಹೊರಗೆ ಬೆಂಚಿನ ಮೇಲೆ ಯಶಿಕಾ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಅವಳಿಗೂ ಅದೇ ಮೆಸೇಜು. ಶತ್ರುವಾದರೂ ಕಲ್ಲೇಶನಿಗೆ ಅಯ್ಯೋ ಅನಿಸಿತು. “ತೂ ಭೀ ಮತ್ ದೇನಾ,” ನೀನೂ ಕೊಡಬೇಡ ಎಂದು ಅವಳನ್ನೂ ಒಳಗೆ ಕರೆದೊಯ್ದ.

ರಾಯರು ಮೂರೂ ಪುಟ ನಿಂತೇ ಓದಿದರು. ಪ್ರಯಾಗರಾಜ್ ಕಡೆಯ ತಿವಾರಿ ಸರ್ ತಲೆಯ ಮೇಲೆ ಕೈ ಹೊತ್ತು ಕೇಳಿಸಿಕೊಂಡು, ಕೊನೆಗೆ ಕೂಗಿದರು.

“ಅರೇ ಭಾಯಿ, ರಾಜೀನಾಮಾ ಯಾನೀ ಸಮ್‌ಝೌತಾ!”

ಜಗಳವಾಡಿದವರು ರಾಜಿಯಾಗಿ ಬರೆದುಕೊಡುವ ಕಾಗದಕ್ಕೆ ಅವರ ಊರಿನಲ್ಲಿ ಅದೇ ಹೆಸರಂತೆ. ಒಪ್ಪಂದದ ಬಗ್ಗೆ ನೂರು ಪುಟ ಬರೆದವರಿಗೆ ಇಷ್ಟೂ ತಿಳಿಯದೇ ಎಂದು ಸರ್ ಹೊಟ್ಟೆ ಹಿಡಿದು ನಕ್ಕರು. ಇಬ್ಬರೂ ಸಹಿ ಮಾಡಿ ಆಫೀಸಿನಲ್ಲಿ ಕೊಡಿ, ವೈವಾಕ್ಕೆ ನನ್ನ ಅಡ್ಡಿಯಿಲ್ಲ ಎಂದು ಬ್ಯಾಗು ಎತ್ತಿಕೊಂಡು ಊರಿನ ರೈಲು ಹಿಡಿಯಲು ಹೊರಟರು.

ಕಲ್ಲೇಶನಿಗೆ ಹೋದ ಜೀವ ಬಂದಂತಾಯಿತು. “ಚುಟುಕಾಗಿರಲಿ, ಮೂರು ಪುಟದ ಪಾಡು ನೋಡಿದೆಯಲ್ಲ,” ಎಂದರು ರಾಯರು. ಒಂದೇ ಸಾಲು ಬರೆದರು: ‘ಹಮ್ ದೋನೋ ಅಪನೀ ಖುಷೀ ಸೇ ರಾಜೀನಾಮಾ ದೇತೇ ಹೈಂ.’ ನಾವಿಬ್ಬರೂ ಸ್ವಂತ ಖುಷಿಯಿಂದ ಕೊಡುತ್ತಿದ್ದೇವೆ, ಅಷ್ಟೇ. ಯಶಿಕಾ ಸಹಿ ಹಾಕಿದಳು, ಕಲ್ಲೇಶ ಹಾಕಿದ. ಶರಣವ್ವ ಇಬ್ಬರಿಗೂ ರೊಟ್ಟಿ ತಿನ್ನಿಸಿದಳು.

ಆಫೀಸಿನ ಗುಮಾಸ್ತೆ ದೇಶಮುಖ್ ಬಾಯಿಯವರು ಕಾಗದ ಓದಿ, ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. “ನಕ್ಕೀ?” ಖಂಡಿತಾ ತಾನೇ ಎಂದು ಮರಾಠಿಯಲ್ಲಿ ಎರಡು ಸಲ ಕೇಳಿದರು.

“ನಕ್ಕೀ! ತಿವಾರಿ ಸರಾಂನೀ ಸಾಂಗಿತಲಂ. ಆಜ್‌ಚ ಪಾಹಿಜೆ!” ಸರ್ ಹೇಳಿದ್ದಾರೆ, ಇವತ್ತೇ ಆಗಬೇಕು ಎಂದು ಕಲ್ಲೇಶನೂ ಮರಾಠಿಯಲ್ಲೇ ಹಟ ಹಿಡಿದ. ಠಸ್ಸೆ ಬೀಳುವವರೆಗೂ ಕಿಟಕಿ ಬಿಡಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಕಾಲೇಜಿನಿಂದ ಮೆಸೇಜು ಬಂದಿತ್ತು, ಈ ಸಲ ಮರಾಠಿಯಲ್ಲಿ. ‘ರಾಜೀನಾಮಾ ಮಂಜೂರ್. ಆನರ್ಸ್ ನೋಂದಣಿ ರದ್ದು. ಮೂರು ವರ್ಷದ ಬಿ.ಎ. ಪ್ರಮಾಣಪತ್ರ ಸೋಮವಾರ ಒಯ್ಯಿರಿ.’ ಮರಾಠಿಯಲ್ಲೂ ರಾಜೀನಾಮಾ ಎಂದರೆ ನಮ್ಮ ರಾಜೀನಾಮೆಯೇ ಎಂಬುದು ಕಲ್ಲೇಶನಿಗೆ ಆಗ ಹೊಳೆಯಿತು.

ತಿವಾರಿ ಸರ್ ಫೋನು ಸ್ವಿಚ್ ಆಫ್. ದೇಶಮುಖ್ ಬಾಯಿಯವರಿಗೆ ಫೋನು ಹಚ್ಚಿದ. ಅವನು ಬಾಯಿ ತೆರೆಯುವ ಮೊದಲೇ ಅವರು ಮರಾಠಿಯಲ್ಲಿ ಶುರುಮಾಡಿದರು.

“ಥ್ಯಾಂಕ್ಸ್ ಬೇಡ ಬಾಳಾ. ನೀನು ಅಷ್ಟು ಅವಸರ ಮಾಡಿದೆಯಲ್ಲ, ಪ್ರಿನ್ಸಿಪಾಲರು ಕಾರು ಹತ್ತಿದ್ದರೂ ಬಿಡದೆ ಸಹಿ ಮಾಡಿಸಿಕೊಂಡೆ.”