ತೋಟದ ಫೋಟೋ ತೆಗೆದವರು ಯಾರು?

ನಮ್ಮ ವಂಶದಲ್ಲಿ ಒಳ್ಳೆಯ ಕೆಲಸಕ್ಕೆ ಕೈಹಾಕಿದವನಿಗೆ ಬಿ.ಪಿ. ಮಾತ್ರೆ ಗ್ಯಾರಂಟಿ. ಈ ಸಲ ನನ್ನ ಸರದಿ. ಅಮೃತೂರಿನ ಹತ್ತಿರ ನಮ್ಮದೊಂದು ತೆಂಗಿನ ತೋಟ ಇದೆ. ಬಾವಿ, ಹಲಸಿನ ಮರ, ಹೆಂಚಿನ ಮನೆ. ಬೇಸಿಗೆ ರಜೆ ಪೂರ್ತಿ ನಾವೆಲ್ಲ ಅಲ್ಲೇ ಬಿದ್ದಿರುತ್ತಿದ್ದೆವು. ಈಗ ಅದು ಪಾಲಾಗುತ್ತಿದೆ. ಅಷ್ಟರೊಳಗೆ ಎಲ್ಲರ ಮನೆಯ ಹಳೇ ಫೋಟೋ ಸೇರಿಸಿ ಒಂದು ಪುಸ್ತಕ ಮಾಡೋಣ, ಪ್ರತಿ ಫೋಟೋದ ಕೆಳಗೆ ತೆಗೆದವರ ಹೆಸರು ಹಾಕೋಣ ಅಂತ ಹೊರಟೆ. ಹೆಸರಿನ ಯೋಚನೆ ಬಂದದ್ದೇ ಗುಬ್ಬಿಯ ಚಿಕ್ಕಮ್ಮನಿಗಾಗಿ. ಮುಕ್ಕಾಲು ಪಾಲು ಫೋಟೋ ತೆಗೆದವಳು ಅವಳು. ಹಾಗೆಂದು ಒಬ್ಬರ ಬಾಯಲ್ಲೂ ಒಂದು ದಿನವೂ ಬರಲಿಲ್ಲ.

ದೊಡ್ಡಪ್ಪನ ನ್ಯಾಯ

ತುಮಕೂರಿನ ದೊಡ್ಡಪ್ಪನಿಗೆ ಬಾವಿಯ ಫೋಟೋ ತೋರಿಸಿದೆ. ತಾನೇ ತೆಗೆದದ್ದು ಎಂದರು. ಫೋಟೋದ ನಟ್ಟನಡುವೆ ಹೆಗಲಿಗೆ ಟವಲು ಹಾಕಿಕೊಂಡು ನಿಂತಿರುವವರೂ ಅವರೇ. ಹಾಗಾದರೆ ಇದು ಯಾರು ಅಂತ ಕೇಳಿದೆ.

"ಕ್ಯಾಮೆರಾ ಯಾರ್ದು? ನಂದು. ರೀಲು ಹಾಕ್ಸಿದ್ದು ನಾನು. ಗುಂಡಿ ಒತ್ತೋದೂ ಒಂದ್ ಕೆಲ್ಸವೇನ್ಲಾ?"

ಆ ನ್ಯಾಯಕ್ಕೆ, ಅವತ್ತು ತೋಟದಲ್ಲಿ ನಾವು ಉಂಡ ಮುದ್ದೆ ತಿರುವಿದವನು ಹಿಟ್ಟಿನ ಗಿರಣಿಯವನು.

ಕುಣಿಗಲ್ ಅತ್ತೆಯ ಗೋಡೆ

ಮನೆಯ ಮುಂಭಾಗ ಪೂರ್ತಿ ಕಾಣುವ ಫೋಟೋ ಇದ್ದದ್ದು ಒಂದೇ, ಕುಣಿಗಲ್ ಅತ್ತೆಯ ಹತ್ತಿರ. ಬಸ್ಸು ಹತ್ತಿ ಹೋದೆ. ಕೈಗೆ ಕೊಟ್ಟರು. ಬಾಗಿಲು ಇರಬೇಕಾದ ಜಾಗದಲ್ಲಿ ದುಂಡಗೆ ಒಂದು ತೂತು. ಮಾವ ತೀರಿಕೊಂಡಾಗ, ಹಾರ ಹಾಕುವ ಪಟಕ್ಕೆಂದು ಅವರ ಮುಖ ಕತ್ತರಿಸಿ ಸ್ಟುಡಿಯೋಗೆ ಕೊಟ್ಟಿದ್ದರಂತೆ. ಗೋಡೆ ನೋಡಿದೆ. ಜೀವಮಾನವೆಲ್ಲ ಬನಿಯನ್ನಿನಲ್ಲೇ ಕಳೆದ ಮಾವ ಕೋಟು ತೊಟ್ಟು, ಹಿಮದ ಬೆಟ್ಟದ ಮುಂದೆ ನಿಂತಿದ್ದಾರೆ. ನಮ್ಮ ಮನೆಯ ಒಂದು ಹೆಂಚೂ ಕಾಣದು. ಮೈಯೆಲ್ಲ ಉರಿದುಹೋಯಿತು. ತಡೆದುಕೊಂಡು, ಮೂಲ ಫೋಟೋ ತೆಗೆದವರು ಯಾರು ಎಂದೆ.

"ಅದ್ಯಾರೋ ಏನೋ. ಸ್ಟುಡಿಯೋದವನ ಹೆಸ್ರು ಹಾಕ್ಬುಡು. ಕೋಟು ಅವನೇ ಕಣೋ ಹಾಕಿದ್ದು."

ಗ್ರೂಪಿನಲ್ಲಿ

ಸಾಕಪ್ಪ ಈ ಅಲೆದಾಟ ಅಂತ ಫೋಟೋಗಳನ್ನು ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕಿ, ತೆಗೆದವರು ಯಾರೆಂದು ಕೇಳಿದೆ. ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟುಹೋಯಿತೆಂದು ವರ್ಷಗಟ್ಟಲೆ ಮಾತು ಬಿಡುವ ಜನ ಇವರು. ಇದನ್ನೂ ಲಗ್ನಪತ್ರಿಕೆಯೇ ಮಾಡಿಬಿಟ್ಟರು. ಹೆಸರು ಹಿರಿತನದ ಪ್ರಕಾರ ಬರಬೇಕಂತೆ. ಮಕ್ಕಳನ್ನು ಸಾಲಾಗಿ ಕೂರಿಸಿದವರದ್ದು, ಅಡ್ಡ ಬಂದ ನಾಯಿ ಓಡಿಸಿದವರದ್ದು, ಎಲ್ಲ ಬರಬೇಕಂತೆ. ಹಲಸಿನ ಮರಕ್ಕಿಂತ ಹೆಸರುಗಳೇ ಎತ್ತರ ಬೆಳೆದವು. ಅದರಲ್ಲಿ ಚಿಕ್ಕಮ್ಮನ ಹೆಸರು ಮಾತ್ರ ಇಲ್ಲ. ಫೋಟೋ ತೆಗೆದ ಕಾಲಕ್ಕೆ ಇನ್ನೂ ನಮ್ಮ ಮನೆಗೆ ಸಂಬಂಧವೇ ಬೆಳೆಸಿರದ ಭಾವ ಕೂಡ ಬರೆದರು, ಅಳಿಯನ ಹೆಸರು ಬಿಟ್ಟರೆ ಅದು ಮರ್ಯಾದೆಯಲ್ಲ ಅಂತ.

ಗುಬ್ಬಿಯಲ್ಲಿ

ಎಲ್ಲವನ್ನೂ ಗಂಟುಕಟ್ಟಿಕೊಂಡು ಗುಬ್ಬಿಗೆ ಹೋದೆ. ಚಿಕ್ಕಮ್ಮ ಒಂದೊಂದನ್ನೂ ಎತ್ತಿ, ಇದು ಪಂಪ್‌ಹೌಸ್ ಮೇಲೆ ಹತ್ತಿ ತೆಗೆದದ್ದು, ಇದು ಬಿಸಿಲು ಇಳಿಯಲೆಂದು ಕಾದು ತೆಗೆದದ್ದು ಎಂದು ಹೇಳುತ್ತಾ ಹೋದಳು. ಕೊನೆಗೆ ನನಗೆ ಹೊಳೆಯಿತು: ಯಾವ ಫೋಟೋದಲ್ಲೂ ಅವಳ ಮುಖವಿಲ್ಲ.

ಒಂದೇ ಒಂದು ಸಲ ಅವಳು ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಟ್ಟು, ಹೊಸ ಸೀರೆಯಲ್ಲಿ ಬಾವಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಆ ಫೋಟೋವೂ ಇತ್ತು. ಕುತ್ತಿಗೆಯಿಂದ ಕೆಳಗೆ ಚೆನ್ನಾಗಿ ಬಂದಿದೆ. ಮೇಲೆ, ತಲೆ ಇರಬೇಕಾದ ಕಡೆ, ತೆಗೆದವನ ಹೆಬ್ಬೆರಳು. ಅವತ್ತು ಕ್ಯಾಮೆರಾ ಯಾರ ಕೈಗೆ ಕೊಟ್ಟಳೋ ಅವಳಿಗೂ ನೆನಪಿಲ್ಲ.

ಆ ಹೆಬ್ಬೆರಳು ಯಾರದೆಂದು ಅಲ್ಲಿಂದಲೇ ಗ್ರೂಪಿನಲ್ಲಿ ಕೇಳಿದೆ. ಎಲ್ಲರೂ ನೋಡಿದರು, ನೀಲಿ ಟಿಕ್ ಬಿತ್ತು. ನಿನ್ನೆಯವರೆಗೆ ನಾನು ತಾನು ಎಂದು ಹೊಡೆದಾಡಿದವರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ನನಗೆ ತಡೆಯಲಾಗಲಿಲ್ಲ. ಎಲ್ಲರ ಹೆಸರೂ ಕಿತ್ತುಹಾಕಿ ಪುಸ್ತಕದ ತುಂಬ ನಿನ್ನೊಬ್ಬಳದೇ ಹಾಕುತ್ತೇನೆ ಎಂದು ಕೂಗಾಡಿದೆ.

ಚಿಕ್ಕಮ್ಮ ತಲೆಯಿಲ್ಲದ ತನ್ನ ಫೋಟೋವನ್ನು ಸೆರಗಿನಿಂದ ಒರೆಸಿದಳು.

"ನಾನ್ ತೆಗ್ದಿದ್ದಕ್ಕೆ ನನ್ ಹೆಸ್ರು ಹಾಕು, ಬ್ಯಾಡ ಅನ್ನಲ್ಲ. ಇದಕ್ಕೆ ಮಾತ್ರ ಅವ್ರೆಲ್ರ ಹೆಸ್ರೂ ಹಾಕು ಕಣೋ. ಒಬ್ರನ್ನೂ ಬುಡಬ್ಯಾಡ."